ತುಳಜಾಬಾಯಿ ತಪ್ಪು ಕೇಳಿಸಿಕೊಂಡ ಒಂದು ಮಾತು

ವಾಡಿ ಜಂಕ್ಷನ್ನಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತುಳಜಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ಲಾಟ್‌ಫಾರಂನ ಒಂದೊಂದೇ ಬೆಂಚು ನೋಡುತ್ತ ಬರುತ್ತಿದ್ದಾರೆ. ಮಲಗಿದವರ ಹೊದಿಕೆಯನ್ನೂ ಸರಿಸಿ ಮುಖ ನೋಡುತ್ತಾರೆ, ಬೈಸಿಕೊಳ್ಳುತ್ತಾರೆ. ಹತ್ತು ಗಂಟೆಗೆ ಕ್ಷಮೆ ಕೇಳಬೇಕಾದ ಹದಿನಾಲ್ಕರ ಹುಡುಗಿ ಮನೆಯಲ್ಲಿಲ್ಲ.

ಅಂಗನವಾಡಿ ಸಹಾಯಕಿಯಾಗಿ ನಿವೃತ್ತರಾದ ಈ ಅರವತ್ತೊಂದರ ಹೆಂಗಸಿಗೆ ಈಗಿನ ಕೆಲಸದಲ್ಲಿ ಸಂಬಳವೂ ಇಲ್ಲ, ಕುರ್ಚಿಯೂ ಇಲ್ಲ. ಸಣ್ಣಪುಟ್ಟ ಕಳವು, ಹೊಡೆದಾಟದಲ್ಲಿ ಸಿಕ್ಕ ಮಕ್ಕಳನ್ನು ಕೋರ್ಟು ಕಚೇರಿ ಅಲೆಸದೆ, ನೊಂದವರ ಎದುರು ಕೂಡಿಸಿ, ತಪ್ಪು ಒಪ್ಪಿಸಿ, ಕೆಡಿಸಿದ್ದನ್ನು ಅವರ ಕೈಯಿಂದಲೇ ಸರಿಮಾಡಿಸುತ್ತಾರೆ. ಏಳು ವರ್ಷದಲ್ಲಿ ನಲವತ್ತಮೂರು ಮಕ್ಕಳು. ಒಬ್ಬ ಮಾತ್ರ ಹೀಗೇ ಬೆಳಗಿನ ರೈಲು ಹತ್ತಿ ಹೋದವನು ಇವತ್ತಿಗೂ ಸಿಕ್ಕಿಲ್ಲ.

"ಅವನ ಅವ್ವ ಬಜಾರದಾಗ ಸಿಕ್ರ ಬೈಯಂಗಿಲ್ರಿ. ನನ್ನ ಮಾರಿ ನೋಡ್ತಾಳ, ಅಷ್ಟ. ಅದಕ್ಕ ಭಾಳ ಹೆದರ್ತೀನಿ," ಎನ್ನುತ್ತಾರೆ ತುಳಜಾಬಾಯಿ.

ಹುಡುಗಿಯನ್ನು ರಾಧಿಕಾ ಎನ್ನೋಣ, ನಿಜ ಹೆಸರು ಬೇಡ. ತೆಲಂಗಾಣ ಗಡಿಯ ಕುಂಚಾವರಂ ಕಡೆಯವಳು, ಮನೆಮಾತು ತೆಲುಗು. ತಾಯಿ ಮನೆಗೆಲಸ ಮಾಡುವ ಪ್ರಹ್ಲಾದ ಮಾಸ್ತರರ ಅಂಗಳದಿಂದ ಸೈಕಲ್ ಒಯ್ದು ಸಿಕ್ಕಿಬಿದ್ದಿದ್ದಾಳೆ. ಕೇಳಿದ್ದಕ್ಕೆ "ಅಡಿಗಿ ತೀಸ್ಕುನ್ನಾ" ಅಂದಳು. ಅಡಗಿ, ಯಾರ ಕಣ್ಣಿಗೂ ಬೀಳದೆ ಒಯ್ದೆ ಅನ್ನುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು, ತುಳಜಾಬಾಯಿಯೂ. ಇವತ್ತು ಕ್ಷಮೆ ಕೇಳದಿದ್ದರೆ ಠಾಣೆಗೆ ದೂರು ಕೊಡುವುದೇ ಸೈ ಎಂದಿದ್ದಾರೆ ಮಾಸ್ತರರು.

ಕೊನೆಯ ಬೆಂಚಿನಲ್ಲಿ ಹುಡುಗಿ ಸಿಗುತ್ತಾಳೆ. ತುಳಜಾಬಾಯಿ ಕೈ ಹಿಡಿದರೆ ಕೊಸರಿಕೊಂಡು ಅದೇ 'ಅಡಿಗಿ' ಮಾತನ್ನು ಮತ್ತೆ ಮತ್ತೆ ಹೇಳುತ್ತ ಅಳುತ್ತಾಳೆ. ಪಕ್ಕದಲ್ಲಿ ಚಹಾ ಮಾರುವ ಜಿಲಾನಿ ತಾಂಡೂರು ಕಡೆಯವರು, ತೆಲುಗು ಬಲ್ಲವರು. ಕೆಟಲ್ ಕೆಳಗಿಟ್ಟು ಹೇಳುತ್ತಾರೆ:

"ಅಕ್ಕಾ, ಅಡಗಿ ಅಲ್ರಿ. ತೆಲುಗಿನ್ಯಾಗ ಅಡಿಗಿ ಅಂದ್ರ ಕೇಳಿ ಅಂತ. ಕೇಳೇ ತಗೊಂಡೀನಿ ಅನ್ನಾಕತ್ತಾಳ."

ತುಳಜಾಬಾಯಿ ಜಿಲಾನಿಯ ಮೂಲಕ ಒಂದೇ ಪ್ರಶ್ನೆ ಕೇಳುತ್ತಾರೆ: ಯಾರನ್ನು ಕೇಳಿದಿ? ಮಾಸ್ತರರ ಮನೆಯ ಅಜ್ಜಿಯನ್ನು, ಎನ್ನುತ್ತಾಳೆ ಹುಡುಗಿ.

ಮೂವರೂ ನೇರ ಮಾಸ್ತರರ ಮನೆಗೆ ಹೋಗುತ್ತಾರೆ. ಪಡಸಾಲೆಯಲ್ಲಿ ಕೂತ ಅವರ ತಾಯಿ ರುಕ್ಮಿಣಿಬಾಯಿ ವಿಷಯ ಕೇಳಿ ಮಗನ ಮೇಲೆ ರೇಗುತ್ತಾರೆ. "ಕೇಳಿದಳಲ್ಲೋ ಪ್ರಹ್ಲಾದ! ಅವ್ವಗ ಗುಳಿಗಿ ತರಬೇಕು ಅಂತ ಕೈಸನ್ನಿ ಮಾಡಿ ಕೇಳಿದಳು. ಒಯ್ಯಿ ಅಂದೆ. ನನ್ನ ಯಾರು ಕೇಳೀರಿ?"

ಮಾಸ್ತರರು ದೂರು ಕೊಡುವುದಿಲ್ಲ ಎನ್ನುತ್ತಾರೆ. ಕ್ಷಮೆಯ ಮಾತು ಅಲ್ಲಿಗೆ ಮುಗಿಯಿತು. ಅಂಜಿಕೆ ಮಾತ್ರ ತುಳಜಾಬಾಯಿಯನ್ನು ಬಿಟ್ಟಿಲ್ಲ. ಅವರ ಕೈಯಲ್ಲಿ ಹಾದುಹೋದ ಮಕ್ಕಳಲ್ಲಿ ಒಂಬತ್ತು ಮಂದಿ ತೆಲುಗು ಮನೆಮಾತಿನವರು, ಎಲ್ಲರೂ ಕುಂಚಾವರಂ ಕಡೆಯವರೇ.

"ಒಂಬತ್ತೂ ಮಂದಿ ತಪ್ಪಾತು ಅಂದಾರ. ನಾನೇ ಅನಿಸೀನಿ. ಅದರಾಗ ಖರೇನ ತಪ್ಪು ಮಾಡಿದವರು ಎಷ್ಟು ಮಂದಿ? ಯಾರಿಗೆ ಗೊತ್ತದ? ನಿದ್ದಿ ಹತ್ತವಲ್ದು."

ಬರುವ ಭಾನುವಾರ ಜಿಲಾನಿಯನ್ನು ಕರೆದುಕೊಂಡು ಕುಂಚಾವರಂ ಬಸ್ಸು ಹತ್ತುತ್ತಾರಂತೆ, ಒಂದೊಂದೇ ಮನೆಗೆ ಹೋಗಿ ಹೊಸದಾಗಿ ಕೇಳಲು. ಅವರು ಬೈದರೆ?

"ಬೈಲಿ. ಬಾಗಿಲ ತೆಗದ್ರ ಸಾಕ್ರಿ. ಈ ಸಲ ತಪ್ಪಾತು ಅನ್ನಾಕಿ ನಾನು."