ಸಾಕ್ಷಿಗೆ ಬೇಡವಾದ ಸಾಕ್ಷಿಯಣ್ಣ

ಇಸ್ತ್ರಿ ಅಂಗಡಿಯವನಿಗೆ ಸಾಕ್ಷಿಯಣ್ಣ ಎಂಬ ಹೆಸರು ಬಿದ್ದದ್ದು ಎದುರುಗಡೆಯ ವಕೀಲರ ದೆಸೆಯಿಂದ. ವಿಲ್ ಬರೆಸಲು ಬರುವವರು ಮನೆ ಪತ್ರಗಳನ್ನು ಜೋಪಾನವಾಗಿ ತರುತ್ತಾರೆ, ಸಾಕ್ಷಿ ಹಾಕುವವರನ್ನು ಮಾತ್ರ ಮರೆತು ಬರುತ್ತಾರೆ. ಆಗ ವಕೀಲರು ಕಿಟಕಿಯಿಂದ ಕೈ ಬೀಸಿದರೆ ಸಾಕು, ಇವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಅಂಗಿಯ ಗುಂಡಿ ಹಾಕಿಕೊಂಡು ರಸ್ತೆ ದಾಟುತ್ತಿದ್ದ. ಯಾರು ಯಾರಿಗೆ ಏನು ಬರೆದರೆಂದು ಇಣುಕುವ ಬುದ್ಧಿ ಅವನಿಗಿರಲಿಲ್ಲ. ಬರೆಸಿದವರು ತನ್ನ ಕಣ್ಣೆದುರು ಸಹಿ ಹಾಕಿದರೆ, ಅದರ ಕೆಳಗೆ ತನ್ನದೊಂದು ದಪ್ಪ ಸಹಿ ಹಾಕಿ ಬರುತ್ತಿದ್ದ.

ಕಾಗದ ಬರೆದವರು ತಾವೇ ಆದರೂ ವಕೀಲರು ಪ್ರತಿ ಸಲವೂ ಕೇಳಲೇಬೇಕು: "ಇದರಲ್ಲಿ ನಿನಗೇನೂ ಬರೋದಿಲ್ಲ ತಾನೇ?" ವಿಲ್‌ನಲ್ಲಿ ಪಾಲಿರುವವರೇ ಸಾಕ್ಷಿ ಹಾಕಿದರೆ ಆ ಪಾಲು ಕೈತಪ್ಪಿ ಹೋಗಬಹುದೆಂದು ಅವರ ಎಚ್ಚರಿಕೆ.

"ನಮ್ಮ ಹೆಸರು ಯಾರು ಬರೀತಾರೆ ಸಾರ್? ಕಾಲರ್ ಸುಟ್ಟರೆ ನೆನೆಸ್ಕೋತಾರೆ, ಅಷ್ಟೆ," ಎಂದು ಇವನು ನಗುತ್ತಿದ್ದ.

ಅವನ ಅಂಗಡಿ ಎಂದರೆ ಟೀಚರ ಮನೆಯ ಕೆಳಗಿನ ಕೋಣೆ. ಕಂಬಳಿ ಹಾಸಿದ ಒಂದು ಮೇಜು, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ. ಟೀಚರು ಮದುವೆಯಾಗದೆ ಉಳಿದವರು, ಕೆಲಸದಿಂದ ನಿವೃತ್ತರಾಗಿ ಮಹಡಿಯಲ್ಲಿ ಒಬ್ಬರೇ ಇದ್ದರು. ಇವನ ಮಗಳನ್ನು ಅದೇ ಮೇಜಿನ ಕೆಳಗಿಂದ ಎಳೆದು ತಂದು ಅಕ್ಷರ ತಿದ್ದಿಸಿದವರು ಅವರು. ಮಗಳು ಈಗ ನರ್ಸ್. ಆ ಋಣವನ್ನು ಇವನು ಮರೆತಿರಲಿಲ್ಲ. ಅದಕ್ಕೇ ದಿನಾ ಬೆಳಗ್ಗೆ ಮಹಡಿ ಹತ್ತಿ, ಬಿಗಿದುಕೊಂಡ ಕಿಟಕಿಗಳನ್ನೆಲ್ಲ ತೆರೆದು, ಕುಡಿಯುವ ನೀರು ತುಂಬಿಸಿಟ್ಟು, ಒಂದಿಷ್ಟು ಬೈಗುಳ ಕೇಳಿಸಿಕೊಂಡು ಇಳಿಯುತ್ತಿದ್ದ. ಬೈಗುಳವಿಲ್ಲದ ದಿನ ಟೀಚರಿಗೆ ಮೈ ಹುಷಾರಿಲ್ಲ ಎಂದೇ ಲೆಕ್ಕ.

ಇದ್ದ ಭಯ ಒಂದೇ. ಟೀಚರ ತಮ್ಮನ ಮಗ ಬಂದಾಗಲೆಲ್ಲ ಈ ಕೋಣೆಯ ಮೇಲೆ ಕಣ್ಣು ಹಾಕಿ, ಕೆಡವಿದರೆ ಕಾರು ನಿಲ್ಲಿಸಲು ಜಾಗವಾಗುತ್ತದೆ ಎನ್ನುತ್ತಿದ್ದ. ಟೀಚರು ಕಣ್ಣು ಮುಚ್ಚಿದ ಮರುದಿನವೇ ತನ್ನ ಮೇಜು ಬೀದಿಗೆ ಬೀಳುವುದು ಖಂಡಿತ ಎಂದು ಸಾಕ್ಷಿಯಣ್ಣ ನಂಬಿದ್ದ.

ಒಂದು ದಿನ ಟೀಚರೇ ವಿಲ್ ಬರೆಸಲು ಹೊರಟರು. ಕೈ ಹಿಡಿದು ರಸ್ತೆ ದಾಟಿಸಿದವನು ಇವನೇ. ಅಂಗಡಿಗೆ ಬಂದು, ಗುಂಡಿ ಹಾಕಿಕೊಂಡು ಕಾದ. ವಕೀಲರು ಕಿಟಕಿಗೆ ಬಂದು ಕೈ ಬೀಸಿದ್ದು ಔಷಧಿ ಅಂಗಡಿಯವನಿಗೆ, ಟೀ ಅಂಗಡಿಯವನಿಗೆ. ಕಾಣಲಿಲ್ಲವೇನೋ ಎಂದು ಇವನು ತಾನಾಗಿಯೇ ಹೋಗಿ ಬಾಗಿಲಲ್ಲಿ ನಿಂತ.

"ನೀನು ಬೇಡ, ಹೋಗು," ಎಂದುಬಿಟ್ಟರು ಟೀಚರು.

ಟೀ ಅಂಗಡಿಯವನ ಎದುರು ಮುಖ ಎಲ್ಲಿಡುವುದು? ಊರವರಿಗೆಲ್ಲ ಬೇಕಾದ ಸಹಿ ಟೀಚರಿಗೆ ಬೇಡವಾಯಿತೇ? ಮನೆಯನ್ನು ತಮ್ಮನ ಮಗನಿಗೆ ಬರೆದಿದ್ದಾರೆ, ಅದು ತನಗೆ ಗೊತ್ತಾಗಬಾರದೆಂದು ಹೊರಗಿಟ್ಟರು ಎಂದು ಅವನೇ ತೀರ್ಮಾನಿಸಿದ. ಮುಖ ಗಂಟು ಹಾಕಿಕೊಂಡು ಮಹಡಿ ಹತ್ತುವುದನ್ನೇ ಬಿಟ್ಟ. ಹಿಂದಿನ ಓಣಿಯಲ್ಲಿ ಗಾಳಿಯಾಡದ ಒಂದು ಕೋಣೆ ನೋಡಿ, ಮೆಟ್ಟಿಲ ಬುಡದಲ್ಲೇ ನಿಂತು, ತಿಂಗಳ ಕೊನೆಗೆ ಖಾಲಿ ಮಾಡುತ್ತೇನೆಂದು ಕೂಗಿ ಹೇಳಿದ. ಟೀಚರಿಗೂ ಬಿಗುಮಾನ ಕಡಿಮೆಯಿರಲಿಲ್ಲ. ನಿನ್ನಿಷ್ಟ ಎಂದು ಬಾಗಿಲು ಹಾಕಿಕೊಂಡರು.

ಮುಂದಿನ ವಾರ ವಕೀಲರು ಮತ್ತೆ ಕೈ ಬೀಸಿದರು. ಯಾರೋ ಅಕ್ಕತಂಗಿಯರ ವಿಲ್. ಒಲ್ಲದ ಮನಸ್ಸಿನಿಂದಲೇ ಹೋಗಿ ಪೆನ್ನು ತೆಗೆದುಕೊಂಡ.

"ಇದರಲ್ಲಿ ನಿನಗೇನೂ ಬರೋದಿಲ್ಲ ತಾನೇ?"

"ನಮ್ಮ ಹೆಸರು ಯಾರು..." ಎಂದವನ ಮಾತು ಅಲ್ಲೇ ನಿಂತಿತು. ವಕೀಲರ ಮುಖ ನೋಡಿದ. ಅವರು ಕನ್ನಡಕ ಒರೆಸುವ ನೆಪದಲ್ಲಿ ತಲೆ ಬಗ್ಗಿಸಿದರು. ಎಷ್ಟೋ ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆ, ಕಂಠಪಾಠವಾದ ಉತ್ತರ. ಯಾರದೋ ಕಾಗದದಲ್ಲಿ ತನ್ನ ಹೆಸರೂ ಇರಬಹುದೆಂದು ಈ ಮಂಕುದಿಣ್ಣೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೇಗೋ ಸಹಿ ಹಾಕಿ ಹೊರಬಿದ್ದ.

ಮಹಡಿಯಲ್ಲಿ ವಾರದಿಂದ ಕಿಟಕಿಗಳು ಮುಚ್ಚಿಯೇ ಇದ್ದವು. ಟೀಚರು ಸುಕ್ಕುಗಟ್ಟಿದ ಬಟ್ಟೆಯಲ್ಲಿ ದೀಪ ಹಚ್ಚಿಕೊಂಡು ಕೂತಿದ್ದರು. ತಪ್ಪಾಯಿತು, ಎಲ್ಲೂ ಹೋಗುವುದಿಲ್ಲ ಎಂದು ಇವನು ತಡವರಿಸಿದ. ವಕೀಲರು ಬಾಯಿಬಿಟ್ಟರೇ ಎಂದು ಅವರು ಹುಬ್ಬು ಗಂಟಿಕ್ಕಿದರು. ಇಲ್ಲ, ತನಗೇ ಹೊಳೆಯಿತು ಎಂದ.

"ಇಷ್ಟು ದಿನ ಬೇಕಾಯ್ತಾ? ನಿನ್ನ ಮಗಳು ನಿನಗಿಂತ ಚುರುಕು, ಪುಣ್ಯಕ್ಕೆ," ಎಂದರು ಟೀಚರು. "ಆ ಕೋಣೇನ ಯಾರೂ ಕೆಡವೋ ಹಾಗಿಲ್ಲ. ಅದು ನಿನ್ನದು. ನನ್ನ ನಂತರ."

ಆ ಕೊನೆಯ ಮಾತು ಕೇಳಿದ್ದೇ ಅವನ ಕಣ್ಣು ತುಂಬಿ ಬಂತು. ಅಳು ಕಾಣಬಾರದೆಂದು ತಿರುಗಿ ಒಂದೊಂದೇ ಕಿಟಕಿ ತೆರೆಯತೊಡಗಿದ. ಇಷ್ಟು ವರ್ಷ ಹೆದರಿದ್ದೆಲ್ಲ ಆ ಕೋಣೆ ಕೈಬಿಟ್ಟು ಹೋಗುವುದಕ್ಕೆ. ಈಗ ಹೆದರಿಕೆ ಅದು ಕೈಗೆ ಬರುವುದಕ್ಕೆ.

"ಅದು ಬೇಗ ಬರೋದು ಬೇಡ ಟೀಚರ್," ಎಂದ, ಕಿಟಕಿಯ ಕಡೆಗೇ ಮುಖ ಮಾಡಿ. "ಬಾಡಿಗೆ ಕೊಟ್ಕೊಂಡೇ ಇರ್ತೀನಿ. ನೀವಿರಿ."

ಟೀಚರು ದೀಪ ಆರಿಸಿದರು. ಆಮೇಲೆ, ಮೂಲೆಯ ಕಿಟಕಿಯನ್ನೇನು ನಿಮ್ಮಪ್ಪ ಬಂದು ತೆಗೆಯುತ್ತಾನಾ ಎಂದು ಬೈದರು. ಸಾಕ್ಷಿಯಣ್ಣ ಮೂಗೊರೆಸಿಕೊಂಡು ಅದನ್ನೂ ತೆರೆದ.