ನನಗಾಗದ ಗುಳಿಗೆ

ಮೊದಲು ತುರಿಸಿದ್ದು ಅಂಗೈ.

ವಸಡು ಬಾತಿದ್ದಕ್ಕೆ ದೇವದುರ್ಗದ ಹಲ್ಲಿನ ಡಾಕ್ಟರು ಅಮಾಕ್ಸಿಸಿಲಿನ್ ಬರೆದುಕೊಟ್ಟಿದ್ದರು. "ಯಾವುದಾದ್ರೂ ಔಷಧ ಆಗಂಗಿಲ್ಲೇನ್ರಿ?" ಎಂದು ಕೇಳಿಯೇ ಬರೆದಿದ್ದರು. ಇಲ್ಲ ಅಂದಿದ್ದೆ. ಬೆಳಿಗ್ಗೆ ಮೊದಲ ಗುಳಿಗೆ ನುಂಗಿ, ಹಾಸ್ಟೆಲ್ ಅಡುಗೆ ಕೆಲಸಕ್ಕೆ ಹೊರಟಿದ್ದೆ. ಅಂಗೈ, ಕುತ್ತಿಗೆ, ಆಮೇಲೆ ಮೈತುಂಬ ದದ್ದು. ತುಟಿ ಊದಿತು.

ಉಸಿರು ಒಳಗೆ ಹೋಗಲಿಲ್ಲ.

ಗಂಡ ಕುರಿ ಹೊಡೆದುಕೊಂಡು ದೂರದ ಊರುಗಳ ಕಡೆ ಮೇಯಿಸಲು ಹೋಗಿ ಎರಡು ತಿಂಗಳಾಗಿತ್ತು. ಮಕ್ಕಳಿಲ್ಲ. ಬಾಗಿಲು ತೆರೆದಿಟ್ಟೇ ರಸ್ತೆಗೆ ಬಂದೆ. ಕೂಗಲು ದನಿಯಿರಲಿಲ್ಲ, ಆಟೋದವನಿಗೆ ಗಂಟಲು ತೋರಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು.

ಕಲ್ಮಲ ದಾಟುವಾಗ ನರ್ಸ್ ಮನೆಯವರ ನಂಬರ್ ಕೇಳಿದಳು. ಗಂಡನ ಫೋನ್ ಹತ್ತಲಿಲ್ಲ. ಇನ್ನೊಂದು ನಂಬರ್ ಬಾಯಿಪಾಠವಿತ್ತು. ಹೇಳಲಿಲ್ಲ.

ರಾಯಚೂರಿನ ಡಾಕ್ಟರು ವಯಸ್ಸಾದವರು. "ಸಣ್ಣಾಕಿ ಇದ್ದಾಗ ಹಿಂಗಾಗಿತ್ತೇನವ್ವಾ?"

"ಅವ್ವಗ ಗೊತ್ತಿತ್ತೋ ಏನೋ. ಈಗ ಅಕಿ ಇಲ್ಲರಿ."

"ಔಷಧ ಚಲೋನೇ ಅದ, ಎಷ್ಟೋ ಮಂದಿನ್ನ ಉಳಿಸ್ಯದ. ನಿನಗ ಆಗಂಗಿಲ್ಲ, ಅಷ್ಟ. ಪೆನಿಸಿಲಿನ್ ಜಾತಿದು ಯಾವುದೂ ಬ್ಯಾಡ. ಎಲ್ಲಿಗೆ ಹೋದ್ರೂ ಇದನ್ನ ಮೊದಲ ಹೇಳು." ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು.

ವಾರ್ಡಿನ ಉಳಿದ ಮಂಚಗಳ ಪಕ್ಕ ಯಾರಾದರೊಬ್ಬರು ಕೂತಿದ್ದರು. ನನ್ನ ಪಕ್ಕದ ಸ್ಟೂಲನ್ನು ಬೇರೆಯವರು ಕೇಳಿ ಒಯ್ದರು.

ಸಂಜೆ ಆ ನಂಬರಿಗೆ, ಬಾಗಲವಾಡದ ಅಕ್ಕನಿಗೆ, ಫೋನ್ ಮಾಡಿದೆ. ಅವ್ವ ಹಾಸಿಗೆ ಹಿಡಿದಾಗ ಕೆಲಸದ ನೆಪ ಹೇಳಿ ನಾನು ಹೋಗಿರಲಿಲ್ಲ. ಅಂದಿನಿಂದ ಎರಡು ವರ್ಷ ಅಕ್ಕ ಮಾತು ಬಿಟ್ಟಿದ್ದಳು. ಆದದ್ದನ್ನು ಹೇಳಿ, ನಾಳೆ ಬೇರೆ ಗುಳಿಗೆ ಕೊಡುತ್ತಾರೆ ಎಂದೆ.

"ಪೆನ್ಸಿಲಿನ್ ಸೂಜಿ ನಿನಗ ಆಗಂಗಿಲ್ಲ. ಸಣ್ಣಾಕಿ ಇದ್ದಾಗ ಮೈಯೆಲ್ಲಾ ಬಾತಿತ್ತಂತ. ತಂಗಿಗೆ ಹೇಳು ಅಂತ ಅವ್ವ ಹೋಗೋ ಮುಂದ ಹೇಳಿದ್ಳು."

"ನೀ ಹೇಳಲಿಲ್ಲಲ್ಲ ಅಕ್ಕಾ."

"ಹೇಳಾಕ ನೀ ಎಲ್ಲಿದ್ದಿ?"

ಫೋನ್ ಇಟ್ಟುಬಿಟ್ಟಳು.

ಸಿಟ್ಟು ಬರಲಿಲ್ಲ. ನಾನಿಲ್ಲದ ಆ ಕೋಣೆಯಲ್ಲಿ ಅವ್ವ ನನ್ನ ಮೈಯ ಚಿಂತೆ ಮಾಡುತ್ತಾ ಮಲಗಿದ್ದಳೆಂಬುದು ನನಗೆ ಗೊತ್ತಾದದ್ದು ಆಗಲೇ. ಗೋಡೆಯ ಕಡೆ ಹೊರಳಿ ಅತ್ತೆ.

ಮರುದಿನ ಬೇರೆ ಆಂಟಿಬಯೋಟಿಕ್ ಕೊಟ್ಟು ಡಿಸ್ಚಾರ್ಜ್ ಮಾಡಿದರು. ಗಂಡ ಸಿಗ್ನಲ್ ಸಿಕ್ಕಲ್ಲಿಂದ ಫೋನ್ ಮಾಡಿದ, ಗಾಬರಿಯಾದ; ಕುರಿ ಬಿಟ್ಟು ಬರುವಂತಿರಲಿಲ್ಲ. ದೇವದುರ್ಗದ ಬಾಡಿಗೆ ಮನೆಗೆ ಮರಳಿ ಹೊಸ ಗುಳಿಗೆ ನುಂಗಿ, ಕೈ ಚಾಚಿ ಅಂಗೈಯನ್ನೇ ನೋಡುತ್ತಾ ಕೂತೆ. ಆಗ ಫೋನ್ ಬಂತು.

"ಹೊಸ ಗುಳಿಗಿ ಮೈಗೆ ಹತ್ಯಾವೇನು?" ಅಕ್ಕ.

"ಹತ್ಯಾವ."

"ಹೂಂ." ಅಷ್ಟೇ. ಕಟ್ ಮಾಡಿದಳು.

ದಿನಾ ಅದೇ ಹೊತ್ತಿಗೆ ಮಾಡುತ್ತಾಳೆ. ಅದೊಂದೇ ಪ್ರಶ್ನೆ. ವಸಡಿನ ಬಾವು ಇಳಿದಿದೆ. ಗುಳಿಗೆ ನಾಳೆಗೆ ಮುಗಿಯುತ್ತವೆ.

ನಾಡಿದ್ದು ನಾನೇ ಫೋನ್ ಮಾಡುತ್ತೇನೆ.