ಒಳ್ಳೆ ಕಾಲು

ಆಟಗಾರರ ಗಾಯ ಪರೀಕ್ಷಿಸಿ ಫಾರಂ ತುಂಬುವ ಕೆಲಸಕ್ಕೆ ಶ್ರೀರಾಂಪುರದ ಕ್ಲಿನಿಕ್‌ಗೆ ನಾನು ಸೇರಿದ ಹೊಸದು. ಕಬಡ್ಡಿ ಆಡುವವಳೊಬ್ಬಳು ಬಲಮಂಡಿ ಊದಿಸಿಕೊಂಡು ಕುಂಟುತ್ತಾ ಬಂದಳು. ಹೋಲಿಸಿ ನೋಡಲು ಮೊದಲು ಒಳ್ಳೆ ಕಾಲನ್ನೇ ಮುಟ್ಟಬೇಕು, ಅದು ನಿಯಮ. ಎಡಮಂಡಿ ಮಡಚಿಸಿ, ಕೆಳಗೆ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದೆ. ಒಳಗಿನ ಲಿಗಮೆಂಟು ಹರಿದ ಮಂಡಿಯ ಹಾಗೆ ಮೂಳೆ ಒಂಚೂರೂ ತಡೆಯದೆ ಜಾರಿ ಬಂತು. ನಾನೇ ಏನೋ ಕಿತ್ತುಬಿಟ್ಟೆ ಅಂತ ಹೆದರಿ ಕಾಲು ಬಿಟ್ಟುಬಿಟ್ಟೆ.

"ನೋವಾಯ್ತೇನಮ್ಮಾ?" ಎಂದು ಕೇಳಿದೆ.

"ಇಲ್ಲ ಸಾರ್. ಅದು ಹೋದ್ವರ್ಷನೇ ಹಿಂಗಾಗ್ಬುಡ್ತು. ದಯವಿಟ್ಟು ಬರೀಬೇಡಿ, ಟೀಮಿಂದ ತೆಗೆದ್ಬುಡ್ತಾರೆ."

ಈಗ ಅವಳ ಕಣ್ಣಲ್ಲೂ ನನ್ನದೇ ಹೆದರಿಕೆ.

"ಮತ್ತೆ ಇಷ್ಟು ದಿನ ಹೆಂಗಮ್ಮ ಆಡಿದ್ರಿ?"

"ಬಲಗಾಲು ಚೆನ್ನಾಗಿತ್ತಲ್ಲ ಸಾರ್!"

ಫಾರಂನಲ್ಲಿ ಒಳ್ಳೆ ಕಾಲಿಗೆಂದು ಬಿಟ್ಟಿದ್ದ ಜಾಗದಲ್ಲಿ ಈಗ ಏನು ಬರೆಯಬೇಕೆಂದು ಮಾತ್ರ ಯಾವ ನಿಯಮವೂ ಹೇಳಿರಲಿಲ್ಲ.